ಜಿಂಕ್ ಸನ್‌ಸ್ಕ್ರೀನ್ ಆರಿಸೋದು, ಹಚ್ಚೋದು ಹೇಗೆ? ಮನೇಲಿ ಯಾಕೆ ಕಲಸಬಾರದು?

ಏಪ್ರಿಲ್ ಬಂತು ಅಂದ್ರೆ ಮುಂಬೈ ಹತ್ತಿರದ ಡೊಂಬಿವಲಿ ಚಿಕ್ಕಮ್ಮನ ಫೋನ್ ಬರದೇ ಇರಲ್ಲ. ಈ ಸಲ ಕೇಳಿದ್ದು, "ಜಿಂಕ್ ಆಕ್ಸೈಡ್ ಪುಡಿ ಕಾಲು ಕೆಜಿ ಆನ್‌ಲೈನಲ್ಲಿ ತರಿಸಿದೀನಿ ಕಣೇ, ಕೊಬ್ಬರಿ ಎಣ್ಣೆಲಿ ಕಲಸಿದ್ರೆ ಸನ್‌ಸ್ಕ್ರೀನ್ ಆಗುತ್ತಂತೆ, ಹೌದಾ?" ನಾನು ತುರ್ಭೆಯ ಒಂದು ಲ್ಯಾಬಲ್ಲಿ ಕ್ರೀಮ್ ಫಾರ್ಮುಲೇಷನ್ ಮಾಡೋಳು. ಬಾಯಲ್ಲಿ ಹೇಳಿದ್ರೆ ಕೇಳಲ್ಲ ಅಂತ ಶನಿವಾರ ಹೋಗಿ ಅವರೆದುರಿಗೇ ಕಲಸಿದೆ.

ಒಂದು ಚಮಚ ಪುಡಿ, ನಾಲ್ಕು ಚಮಚ ಎಣ್ಣೆ, ಹತ್ತು ನಿಮಿಷ ತಿರುವಿದ್ವಿ. ನೋಡೋಕೆ ಬೆಣ್ಣೆ ಥರ ನುಣ್ಣಗೇ ಇತ್ತು. ಆದ್ರೆ ಗಾಜಿನ ಲೋಟಕ್ಕೆ ತೆಳ್ಳಗೆ ಸವರಿ ಟ್ಯೂಬ್‌ಲೈಟಿಗೆ ಹಿಡಿದ್ರೆ, ಬಿಸಿನೀರಿಗೆ ಒಂದೇ ಸಲ ರಾಗಿ ಹಿಟ್ಟು ಸುರಿದಾಗ ಗಂಟು ಕಟ್ಟುತ್ತಲ್ಲ ಹಂಗೆ ಬಿಳಿ ಚುಕ್ಕೆಗಳು, ನಡುನಡುವೆ ಬರೀ ಎಣ್ಣೆ. ಆ ಎಣ್ಣೆ ಜಾಗದಲ್ಲಿ ಬಿಸಿಲಿಗೆ ತಡೆ ಅನ್ನೋದೇ ಇಲ್ಲ. ಮಿನರಲ್ ಸನ್‌ಸ್ಕ್ರೀನ್ (ಜಿಂಕ್ ಆಕ್ಸೈಡ್‌ನಂಥ ಖನಿಜ ಪುಡಿಯದು) ಕೆಲಸ ಮಾಡೋದು ಚರ್ಮದ ಮೇಲೆ ತೂತಿಲ್ಲದ ಪದರ ಕೂತಾಗ ಮಾತ್ರ, ಇದೊಂದು ತಲೇಲಿ ಇಟ್ಕೊಳ್ಳಿ.

ಲ್ಯಾಬಲ್ಲಿ ನಾವು ಮೊದಲು ಮಾಡೋದೇ ಈ ಗಂಟು ಬಿಡಿಸೋ ಕೆಲಸ. ಸಿಲಿಕಾ ಅಥವಾ ಸಿಲಿಕೋನ್ ಲೇಪ ಇರೋ ಪುಡಿ ತಗೊಂಡು, ಕಣಗಳು ಮತ್ತೆ ಅಂಟಿಕೊಳ್ಳದ ಹಾಗೆ ಡಿಸ್ಪರ್ಸಿಂಗ್ ಏಜೆಂಟ್ ಹಾಕಿ, ಎಣ್ಣೆಲಿ ಮಿಲ್ ಮಾಡಿ, ಆಮೇಲೆ ಹೋಮೋಜಿನೈಸರಲ್ಲಿ (ಜೋರಾಗಿ ಕಲಸೋ ಯಂತ್ರ) ನೀರಿನ ಭಾಗ ಸೇರಿಸ್ತೀವಿ. ಪಿಎಚ್ ಕೆಳಗಿಳಿದ್ರೆ, ಅಂದ್ರೆ ಕ್ರೀಮ್ ಆಮ್ಲದ ಕಡೆ ಹೋದ್ರೆ, ಜಿಂಕ್ ಕರಗೋಕೆ ಶುರು ಮಾಡುತ್ತೆ, ಜೆಲ್ ಕಟ್ಟೋ ಕಾರ್ಬೋಮರ್ ಹಾಕಿದ್ರೆ ಜಿಂಕ್ ಸೇರಿ ಅದೂ ಒಡೆದುಹೋಗುತ್ತೆ. ಇಷ್ಟೆಲ್ಲ ಆದ್ಮೇಲೆ ಎಸ್‌ಪಿಎಫ್ ಟೆಸ್ಟ್, ಅಂದ್ರೆ ಬಿಸಿಲಿಂದ ಎಷ್ಟು ರಕ್ಷಣೆ ಸಿಗುತ್ತೆ ಅಂತ ಅಳೆಯೋದು. ಇದು ಅಡುಗೆಮನೆ ಮಿಕ್ಸಿಲಿ ಆಗೋ ಕೆಲಸ ಅಲ್ಲ, ದಯವಿಟ್ಟು ಕೊಂಡೇ ಹಚ್ಚಿ.

ಕೊಳ್ಳುವಾಗ ಟ್ಯೂಬ್ ಹಿಂದೆ ತಿರುಗಿಸಿ ಓದಿ. ಮಿನರಲ್ ಫಿಲ್ಟರ್ (ಬಿಸಿಲು ತಡೆಯೋ ಖನಿಜ) ಅಂದ್ರೆ ಎರಡೇ, ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಟೈಟಾನಿಯಂ ಯುವಿಬಿಗೆ (ಚರ್ಮ ಸುಡೋ ಅತಿನೇರಳೆ ಕಿರಣ) ಗಟ್ಟಿ, ಉದ್ದ ಅಲೆಯ ಯುವಿಎಗೆ (ಚರ್ಮದ ಆಳಕ್ಕಿಳಿಯೋ ಅತಿನೇರಳೆ ಕಿರಣ) ಅಷ್ಟಕ್ಕಷ್ಟೆ, ಜಿಂಕ್ ಎರಡನ್ನೂ ಹಿಡಿಯುತ್ತೆ, ಅದಕ್ಕೇ ನಾನು ಜಿಂಕ್ ಇರೋದನ್ನೇ ನೋಡ್ತೀನಿ. ಅಮೆರಿಕ, ಯುರೋಪ್ ಎರಡರಲ್ಲೂ ಕ್ರೀಮಲ್ಲಿ ಇವುಗಳ ಮಿತಿ ತಲಾ ಶೇ 25. ಇವು ಕನ್ನಡಿ ಥರ ಬಿಸಿಲನ್ನ ವಾಪಸ್ ಕಳಿಸ್ತವೆ ಅಂತ ಎಲ್ಲಾ ಕಡೆ ಬರೀತಾರೆ, ನಿಜಕ್ಕೂ ಯುವಿಯ ಹೆಚ್ಚಿನ ಪಾಲನ್ನ ಹೀರಿಕೊಳ್ಳೋದೇ ಇವುಗಳ ಕೆಲಸ. ಮುಖ ಬೆಳ್ಳಗೆ ಕಾಣೋದು ಕಣ್ಣಿಗೆ ಕಾಣೋ ಬೆಳಕು ಚದುರೋದ್ರಿಂದ. ನಮ್ಮ ಬಣ್ಣಕ್ಕೆ ಆ ಬೂದಿ ಬಳಿದಂಥ ಕಳೆ ಬೇಡ ಅಂದ್ರೆ ಐರನ್ ಆಕ್ಸೈಡ್ ಇರೋ ಟಿಂಟೆಡ್ (ಚರ್ಮದ ಬಣ್ಣ ಬೆರೆಸಿದ್ದು) ತಗೊಳ್ಳಿ, ಭಂಗು ಇರೋರಿಗಂತೂ ಅದೇ ಒಳ್ಳೇದು, ಯಾಕಂದ್ರೆ ಭಂಗನ್ನ ಕಪ್ಪಾಗಿಸೋದು ಬರೀ ಯುವಿ ಅಲ್ಲ, ಕಾಣೋ ಬೆಳಕೂ ಹೌದು.

ಸೇಫ್ಟಿ ಬಗ್ಗೆ ಚಿಕ್ಕಮ್ಮನಿಗೆ ವಾಟ್ಸಾಪಲ್ಲಿ ಬಂದ ಭಯಗಳು ತುಂಬ. ನ್ಯಾನೋ (ತೀರಾ ಸಣ್ಣ) ಕಣ ರಕ್ತಕ್ಕೆ ಹೋಗುತ್ತೆ ಅನ್ನೋದು ಒಂದು. ಇಲ್ಲಿವರೆಗಿನ ಪರೀಕ್ಷೆಗಳಲ್ಲಿ ಕಣಗಳು ಚರ್ಮದ ಮೇಲಿನ ಸತ್ತ ಪದರದಲ್ಲೇ ಉಳಿಯೋದು ಕಂಡಿದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಕರಡು ನಿಯಮದಲ್ಲಿ ಸುರಕ್ಷಿತ, ಪರಿಣಾಮಕಾರಿ ಅಂತ ಹೇಳಿದ್ದು ಜಿಂಕ್, ಟೈಟಾನಿಯಂ ಈ ಎರಡಕ್ಕೇ, ಬೇರೆ 12 ಫಿಲ್ಟರ್‌ಗೆ ಇನ್ನೂ ಮಾಹಿತಿ ಬೇಕು ಅಂತು. ಹಾಗಂತ ಆ 12 ವಿಷ ಅಂತ ಅರ್ಥ ಅಲ್ಲ. ನಿಜವಾಗ್ಲೂ ಹುಷಾರಾಗಿರಬೇಕಾದ್ದು ಉಸಿರಿಗೆ. ಟೈಟಾನಿಯಂ ಡೈಆಕ್ಸೈಡನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2ಬಿ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿರೋದು ಧೂಳಾಗಿ ಶ್ವಾಸಕೋಶಕ್ಕೆ ಹೋಗೋ ಲೆಕ್ಕದಲ್ಲಿ, ಕ್ರೀಮ್ ಹಚ್ಚೋ ಲೆಕ್ಕದಲ್ಲಲ್ಲ. ಅದಕ್ಕೇ ಸ್ಪ್ರೇ, ಪೌಡರ್ ಸನ್‌ಸ್ಕ್ರೀನ್ ಬೇಡ. ಚಿಕ್ಕಮ್ಮ ಪುಡಿ ಚಮಚಕ್ಕೆ ತುಂಬುವಾಗ ಎದ್ದ ಧೂಳು ನೋಡಿ ನಾನು ಮೊದಲು ಫ್ಯಾನ್ ಆಫ್ ಮಾಡಿಸಿದ್ದೂ ಅದಕ್ಕೇ.

ಹಚ್ಚೋದ್ರಲ್ಲೇ ಎಲ್ಲರೂ ತಪ್ಪೋದು. ಟ್ಯೂಬ್ ಮೇಲಿನ ಎಸ್‌ಪಿಎಫ್ 50 ಅನ್ನೋ ನಂಬರ್ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಿದ್ದು, ನಾವು ಬಟಾಣಿ ಕಾಳಿನಷ್ಟು ಹಚ್ಚಿ ಅಷ್ಟೇ ರಕ್ಷಣೆ ಬೇಕು ಅಂದ್ರೆ ಹೆಂಗೆ? ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ಎರಡು ಸಲಕ್ಕೆ ಹಂಚಿ ಹಚ್ಚಿ, ಉಜ್ಜಬೇಡಿ, ಒತ್ತಿ ಹರಡಿ. ಕಿವಿ, ಹಿಂಗುತ್ತಿಗೆ ಮರೀಬೇಡಿ. ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಲೋಕಲ್ ಟ್ರೇನಲ್ಲಿ ಬೆವರು ಕರ್ಚೀಫಿಂದ ಒರೆಸಿದ್ರೆ ಗಂಟೆ ಲೆಕ್ಕ ಬಿಟ್ಟು ಆಗಲೇ ಹಚ್ಚಿ, ಕರ್ಚೀಫ್ ಜೊತೆ ಪದರಾನೂ ಹೋಗಿರುತ್ತೆ.

ಹೊರಡುವಾಗ ಚಿಕ್ಕಮ್ಮ ನಾಲ್ಕು ತಿಂಗಳ ಮೊಮ್ಮಗಳನ್ನ ಎತ್ಕೊಂಡು, "ಇವಳಿಗೂ ಚೂರು ಹಚ್ಲಾ?" ಅಂದ್ರು. ಆರು ತಿಂಗಳು ತುಂಬೋವರೆಗೆ ಜಿಂಕೂ ಬೇಡ, ಏನೂ ಬೇಡ, ನೆರಳು, ತುಂಬುತೋಳಿನ ಕಾಟನ್ ಅಂಗಿ, ಟೋಪಿ ಸಾಕು ಅಂದೆ.