ಸಹ್ಯಾದ್ರಿ ಮಗ್ಗುಲಿನ ತೋಟದ ಮನೆಗೆ ಮಳೆನೀರು: ಹಿಡಿಯುವುದು ಹೇಗೆ, ಉಳಿಸುವುದು ಹೇಗೆ

ಮುಳಶಿ, ಮಾವಳ, ಭೋರ್ ಕಡೆ ಜಾಗ ಕೊಂಡು ತೋಟದ ಮನೆ ಕಟ್ಟಿಕೊಂಡ ಪುಣೆ ಕನ್ನಡಿಗರು ಅನೇಕರಿದ್ದಾರೆ. ಜುಲೈ ಮಳೆಯಲ್ಲಿ ಆ ಜಾಗ ನೋಡಿದವರಿಗೆ ನೀರಿನ ಚಿಂತೆ ಹತ್ತಿರವೂ ಸುಳಿಯುವುದಿಲ್ಲ. ಏಪ್ರಿಲ್ ಹೊತ್ತಿಗೆ ಅದೇ ಮನೆಗೆ ಟ್ಯಾಂಕರ್ ಕರೆಸಬೇಕಾಗುತ್ತದೆ. ಕಾರಣ ಕಾಲಡಿಯ ಕಲ್ಲು. ದಖ್ಖನ್ನಿನ ಬಸಾಲ್ಟ್ ಬಂಡೆ ಬಿರುಕುಗಳಲ್ಲಿ ಮತ್ತು ಸವೆದ ಮೇಲ್ಪದರದಲ್ಲಿ ಮಾತ್ರ ನೀರು ಹಿಡಿಯುತ್ತದೆ. ಇಳಿಜಾರಿಗೆ ಬಿದ್ದ ಮಳೆಯ ಬಹುಪಾಲು ಹಳ್ಳ ಸೇರಿ ಹೋಗಿಬಿಡುತ್ತದೆ. ಹಾಗಾಗಿ ಇಲ್ಲಿ ತೊಟ್ಟಿಯ ಅಳತೆ ನಿರ್ಧರಿಸುವಾಗ ಮಳೆಯಿಲ್ಲದ ದಿನಗಳನ್ನು ಎಣಿಸಬೇಕು.

ಮೊದಲು ಲೆಕ್ಕ

ಒಂದು ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಪುಣೆ ನಗರದಷ್ಟೇ, ಅಂದರೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯೆಂದು ಹಿಡಿದರೂ 100 ಚದರ ಮೀಟರ್ ಚಾವಣಿಯಿಂದ, ಪೋಲಾಗುವ ಐದನೇ ಒಂದು ಪಾಲು ಕಳೆದು, 56,000 ಲೀಟರ್ ಸಿಗುತ್ತದೆ. ಘಟ್ಟದ ಮಗ್ಗುಲಲ್ಲಿ ಇದರ ಕೆಲವು ಪಟ್ಟು. ಅಷ್ಟನ್ನೂ ತುಂಬಿಡುವ ತೊಟ್ಟಿ ಕಟ್ಟಲು ಹೋಗಬೇಡಿ. ಐವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಬೇಕು. ಅಕ್ಟೋಬರ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಸುಮಾರು 240 ಒಣ ದಿನಗಳು. ಅಲ್ಲಿಗೆ 12,000 ಲೀಟರ್. ಮುಂಗಾರು ತಡವಾದೀತೆಂದು 15,000 ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಮಾತ್ರ ಬಂದುಹೋಗುವವರಿಗೆ 5,000 ಲೀಟರಿನ ಟ್ಯಾಂಕ್ ಸಾಕು.

ಚಾವಣಿ, ದಂಬೆ

ಕಾಂಕ್ರೀಟ್, ತಗಡು, ಹೆಂಚು ಯಾವುದಾದರೂ ಆದೀತು. ಕುಡಿಯುವ ನೀರಿಗೆ ಆಸ್‌ಬೆಸ್ಟಾಸ್ ಶೀಟು, ಸೀಸ ಬೆರೆತ ಬಣ್ಣ ಬಳಿದ ಚಾವಣಿ ಬೇಡ. ಸೂರಿನಂಚಿಗೆ ಸೀಳಿದ ಪಿವಿಸಿ ಪೈಪಿನ ದಂಬೆ ಕಟ್ಟಿಸಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಡಿ, ಕೊಕ್ಕೆಗಳನ್ನು ಹತ್ತಿರ ಹತ್ತಿರ ಹಾಕಿಸಿ. ಇಲ್ಲಿನ ಜಡಿಮಳೆಗೆ ಕಿರಿದಾದ ದಂಬೆಯಿಂದ ನೀರು ಹಾರಿ ಆಚೆ ಬೀಳುತ್ತದೆ. ಆದ್ದರಿಂದ ಅಗಲದಲ್ಲಿ ಜಿಪುಣತನ ಬೇಡ.

ಮೊದಲ ನೀರು ಹೊರಗೆ

ಇಡೀ ಕೆಲಸದಲ್ಲಿ ಹೆಚ್ಚು ಕಾಳಜಿ ಬೇಡುವುದು ಇದು. ಗವಂಡಿಗಳು ಇದನ್ನು ಸುಲಭವಾಗಿ ಕೈಬಿಡುತ್ತಾರೆ, ನಿಂತು ಮಾಡಿಸಿಕೊಳ್ಳಿ. ಬೇಸಿಗೆಯಿಡೀ ಚಾವಣಿಯಲ್ಲಿ ಕೂತ ದೂಳು, ಹಕ್ಕಿ ಹಿಕ್ಕೆ, ತರಗೆಲೆ ಮೊದಲ ಒಂದೆರಡು ಮಿ.ಮೀ. ಮಳೆಗೆ ತೊಳೆದು ಬರುತ್ತದೆ. 100 ಚದರ ಮೀಟರಿಗೆ ಇದು 100ರಿಂದ 200 ಲೀಟರ್. ನಾಲ್ಕಿಂಚಿನ ಪೈಪ್ ಮೀಟರಿಗೆ ಎಂಟೊಂಬತ್ತು ಲೀಟರಷ್ಟೇ ಹಿಡಿಯುವುದರಿಂದ, ಅಂಗಡಿಯವರು ತೋರಿಸುವ ಮೂರು ಮೀಟರಿನ ಪೈಪ್ ಸಾಲದು. 200 ಲೀಟರಿನ ಮುಚ್ಚಿದ ಡ್ರಮ್ ಇಡಿಸಿ. ಇಳಿಪೈಪಿನಿಂದ ಒಂದು ಕವಲು ಡ್ರಮ್ಮಿಗೆ, ಅದಕ್ಕಿಂತ ಮೇಲಿನ ಕವಲು ತೊಟ್ಟಿಗೆ. ಡ್ರಮ್ಮಿನ ಬಾಯಿಯ ಕೆಳಗೆ ಒಂದು ಚೆಂಡು ತೇಲುತ್ತಿರಲಿ. ಕೊಳೆನೀರು ತುಂಬುತ್ತಿದ್ದಂತೆ ಚೆಂಡು ಮೇಲೇರಿ ಬಾಯಿ ಮುಚ್ಚುತ್ತದೆ; ಆಮೇಲಿನ ನೀರು ತಾನೇ ತೊಟ್ಟಿಯ ದಾರಿ ಹಿಡಿಯುತ್ತದೆ. ತಳದಲ್ಲಿ ಸಣ್ಣ ನಲ್ಲಿಯಿಟ್ಟು ಹನಿಹನಿಯಾಗಿ ಬಿಟ್ಟರೆ ಮುಂದಿನ ಮಳೆಗೆ ಡ್ರಮ್ ಮತ್ತೆ ಖಾಲಿ.

ಸೋಸುವುದು, ಕೂಡಿಡುವುದು

ಇನ್ನೊಂದು ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ತೊಳೆದ ದಪ್ಪ ಮರಳು, ಬಾಯಿಗೆ ಜಾಲರಿ. ಇದು ಕಸ, ಕೆಸರು ತಡೆಯುತ್ತದೆ, ರೋಗಾಣುಗಳನ್ನಲ್ಲ.

ತೊಟ್ಟಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ. ಎಲ್ಲ ಬಾಯಿಗಳಿಗೂ ಸೊಳ್ಳೆ ಜಾಲರಿ ಹಾಕಿಸಿ. ಒಳಬರುವ ಪೈಪ್ ತಳದವರೆಗೆ ಇಳಿದು ಮೇಲ್ಮುಖವಾಗಿ ತಿರುಗಲಿ. ಕೂತ ಗಸಿ ಕದಡುವುದಿಲ್ಲ. ನಲ್ಲಿ ತಳದಿಂದ ಒಂದು ಗೇಣು ಮೇಲಿರಲಿ. ಎರೆಮಣ್ಣಿನ ಜಾಗವಾದರೆ ಮನೆಯ ಪಾಯದ ಪಕ್ಕ ಸಂಪ್ ತೋಡಿಸಬೇಡಿ. ಆ ಮಣ್ಣು ನೀರಿಗೆ ಉಬ್ಬಿ, ಬಿಸಿಲಿಗೆ ಬಿರಿದು ಗೋಡೆ ಸೀಳುತ್ತದೆ.

ಉಳಿದ ನೀರು

ತೊಟ್ಟಿ ಜುಲೈಯಲ್ಲೇ ತುಂಬುತ್ತದೆ. ಉಕ್ಕುವ ನೀರಿನ ಪೈಪ್ ಒಳಬರುವ ಪೈಪಿನಷ್ಟೇ ಅಗಲವಿರಲಿ, ಅದು ಜಲ್ಲಿ ತುಂಬಿದ ಗುಂಡಿಯ ಮೂಲಕ ತೆರೆದ ಬಾವಿಗೆ ಹೋಗಲಿ. ಶೌಚದ ಗುಂಡಿ ಬಾವಿಯಿಂದ 15 ಮೀಟರಾದರೂ ದೂರವಿರಬೇಕು. ಇಳಿಜಾರಿಗೆ ಅಡ್ಡಲಾಗಿ, ಉದ್ದಕ್ಕೂ ಒಂದೇ ಮಟ್ಟದಲ್ಲಿ ಚರಂಡಿಯಂಥ ಕಂದಕ ತೋಡಿ, ಕೆಳಬದಿಗೆ ಮಣ್ಣು ಏರಿ ಹಾಕಿದರೆ ಗಿಡಗಳಿಗೆ ತೇವ ನಿಲ್ಲುತ್ತದೆ. ಪುರಂದರ, ಬಾರಾಮತಿಯಂಥ ಕಡಿಮೆ ಮಳೆಯ ಕಡೆ ಜಮೀನಿರುವವರು ಕೃಷಿ ಹೊಂಡವನ್ನೇ ಯೋಚಿಸಬೇಕು. ರಾಜ್ಯ ಸರ್ಕಾರ 2016ರಲ್ಲಿ ‘ಮಾಗೇಲ್ ತ್ಯಾಲಾ ಶೇತ್ತಳೇ’ (ಕೇಳಿದವರಿಗೆ ಕೃಷಿ ಹೊಂಡ) ಯೋಜನೆ ತಂದಿದ್ದು ಅದಕ್ಕಾಗಿಯೇ. ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೇ ಬಜಾರ್‌ನಲ್ಲಿ ಮಳೆ ಅಳೆದು, ಊರಿನ ನೀರಿನ ಆಯವ್ಯಯ ಬರೆದ ಮೇಲೆಯೇ ಬೆಳೆ ತೀರ್ಮಾನಿಸುತ್ತಾರೆ. ಒಂದು ಮನೆಯೂ ಇದನ್ನು ಮಾಡಬಹುದು: ಅಕ್ಟೋಬರ್‌ನಲ್ಲಿ ತೊಟ್ಟಿಯ ಮಟ್ಟ ಬರೆದಿಟ್ಟು, ತಿಂಗಳಿಗೊಮ್ಮೆ ಕೋಲು ಇಳಿಸಿ ನೋಡಿ.

ಕುಡಿಯುವ ನೀರನ್ನು ಕುದಿಸಿ. ಇಲ್ಲವೇ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಮೇಲಿನ ತಿಳಿ ಮಾತ್ರ ತೊಟ್ಟಿಗೆ ಸುರಿದು, ಒಂದು ಗಂಟೆಯ ಬಳಿಕ ಬಳಸಿ. ಮೇ ಕೊನೆಯ ವಾರ ದಂಬೆ ಗುಡಿಸಿ, ಮರಳು ತೊಳೆದು, ತೊಟ್ಟಿಯ ತಳ ಉಜ್ಜಿ, ಡ್ರಮ್ಮಿನ ನಲ್ಲಿ ಕಟ್ಟಿದೆಯೇ ಎಂದು ತಿರುಗಿಸಿ ನೋಡಿ.