ನೂರಾರು ಡೊಮೇನ್ ಹೆಸರು: ಖಾಲಿ ಇರುವುದನ್ನು ಒಟ್ಟಿಗೇ ಪತ್ತೆಹಚ್ಚಿ

ಒಂದು ಡೊಮೇನ್ ಹೆಸರು ಖಾಲಿ ಇದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಕೈಯಲ್ಲಿ 40 ಹೆಸರುಗಳಿದ್ದು, ಒಂದೊಂದನ್ನೂ ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಸೇರಿ ಐದು ಎಕ್ಸ್‌ಟೆನ್ಶನ್‌ಗಳಲ್ಲಿ ಹುಡುಕಬೇಕೆಂದರೆ 200 ಹುಡುಕಾಟ. ಅಷ್ಟನ್ನೂ ಒಟ್ಟಿಗೆ ಕೇಳುವುದು ಸುಲಭ. ಬಂದ ಉತ್ತರವನ್ನು ತಪ್ಪಾಗಿ ಓದಿಕೊಳ್ಳುವುದು ಇನ್ನೂ ಸುಲಭ.

ಹಂತ 1: ಪಟ್ಟಿ ಶುಚಿ ಮಾಡಿ

ಸಾಲಿಗೊಂದು ಹೆಸರು, ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಹಿಂದೆ ಮುಂದೆ ಸ್ಪೇಸ್, ಕಾಮಾ, 'ಡಬ್ಲ್ಯುಡಬ್ಲ್ಯುಡಬ್ಲ್ಯು' ಏನೂ ಇರಬಾರದು. ಅಕ್ಷರ, ಅಂಕಿ, ಹೈಫನ್ ಮಾತ್ರ ಸಲ್ಲುತ್ತವೆ. ಹೈಫನ್ ಮೊದಲಲ್ಲೂ ಕೊನೆಯಲ್ಲೂ ಬರುವಂತಿಲ್ಲ. ಚುಕ್ಕಿಗೆ ಮುಂಚಿನ ಭಾಗ 63 ಅಕ್ಷರ ಮೀರುವಂತಿಲ್ಲ. ಕನ್ನಡದಂಥ ಲಿಪಿಯ ಹೆಸರಾದರೆ ಮೊದಲು ಪ್ಯೂನಿಕೋಡ್‌ಗೆ (ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಬರೆದ ರೂಪಕ್ಕೆ) ಬದಲಿಸಿಕೊಳ್ಳಿ. ಎಲ್ಲ ಎಕ್ಸ್‌ಟೆನ್ಶನ್‌ಗಳೂ ಎಲ್ಲ ಲಿಪಿಗಳನ್ನು ಒಪ್ಪುವುದಿಲ್ಲ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುವವರು ಟೈಪ್ ಮಾಡುವ ಮೊದಲೇ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಬದಲಿಸಿಕೊಳ್ಳಬೇಕು. ಇಲ್ಲವಾದರೆ '10-12' ಎಂಬುದು ದಿನಾಂಕವಾಗುತ್ತದೆ, '007' ಬರೀ 7 ಆಗುತ್ತದೆ. ಕೊನೆಗೆ ಡುಪ್ಲಿಕೇಟ್ ತೆಗೆದು, ಪ್ರತಿ ಹೆಸರಿಗೂ ಬೇಕಾದ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದು ಸಾಲಿನಲ್ಲಿ ಸೇರಿಸಿ, ಸಾದಾ ಟೆಕ್ಸ್ಟ್ ಫೈಲ್ ಆಗಿ ಉಳಿಸಿ.

ಇನ್ನೆರಡು ಹೆಸರು ಸೇರಿಸಿ: ಎಲ್ಲರಿಗೂ ಗೊತ್ತಿರುವ ದೊಡ್ಡ ಜಾಲತಾಣವೊಂದು, ಯಾರೂ ಕೊಂಡಿರಲಾರದ 30 ಅಕ್ಷರಗಳ ಅಡ್ಡಾದಿಡ್ಡಿ ಹೆಸರೊಂದು. ಮೊದಲನೆಯದಕ್ಕೆ 'ಖಾಲಿ' ಎಂದೋ, ಎರಡನೆಯದಕ್ಕೆ 'ಹೋಗಿದೆ' ಎಂದೋ ಫಲಿತಾಂಶ ಬಂದರೆ ಇಡೀ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ.

ಹಂತ 2: ಡಿಎನ್‌ಎಸ್ ಎಂಬ ಮೊದಲ ಜರಡಿ

ಡಿಎನ್‌ಎಸ್ ಎಂದರೆ ಡೊಮೇನ್ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಇಂಟರ್ನೆಟ್ ವ್ಯವಸ್ಥೆ. ಅದರಲ್ಲಿ ಪ್ರತಿ ಹೆಸರಿಗೂ ನೇಮ್‌ಸರ್ವರ್ (ಆ ಹೆಸರಿನ ವಿಳಾಸ ಹೇಳುವ ಸರ್ವರ್) ದಾಖಲೆ ಕೇಳಿ. ಲಿನಕ್ಸ್, ಮ್ಯಾಕ್‌ಗಳಲ್ಲಿ 'ಡಿಗ್' ಆಜ್ಞೆಗೆ ಪಟ್ಟಿಯ ಫೈಲನ್ನೇ ಕೊಡಬಹುದು. 200 ಹೆಸರಿಗೆ ಹೆಚ್ಚು ಹೊತ್ತು ಬೇಕಿಲ್ಲ. ದಾಖಲೆ ಸಿಕ್ಕಿತೆಂದರೆ ಆ ಹೆಸರು ಯಾರದೋ ಪಾಲಾಗಿದೆ, ಪಟ್ಟಿಯಿಂದ ಹೊಡೆದುಹಾಕಿ. ಪರೀಕ್ಷೆಗೆಂದು ಸೇರಿಸಿದ ದೊಡ್ಡ ಜಾಲತಾಣದ ಹೆಸರನ್ನು ಮಾತ್ರ ಉಳಿಸಿಕೊಳ್ಳಿ. ಐಪಿ ವಿಳಾಸದ ದಾಖಲೆ ಕೇಳಬೇಡಿ: ಕೆಲವು ಇಂಟರ್ನೆಟ್ ಸೇವಾದಾರರ ಸರ್ವರ್‌ಗಳು ಇಲ್ಲದ ಹೆಸರಿಗೂ ತಮ್ಮ ಜಾಹೀರಾತು ಪುಟದ ವಿಳಾಸ ಕೊಟ್ಟುಬಿಡುತ್ತವೆ.

ದಾಖಲೆ ಸಿಗದ ಹೆಸರುಗಳು ಖಾಲಿ ಇವೆ ಎಂದುಕೊಳ್ಳಬೇಡಿ. ಕೊಂಡು ನೇಮ್‌ಸರ್ವರ್ ಹಾಕದೆ ಬಿಟ್ಟವು, 'ಹೋಲ್ಡ್' ಸ್ಥಿತಿಯಲ್ಲಿ ತಡೆಹಿಡಿದವು, ಅವಧಿ ಮುಗಿದು ರಿಡೆಂಪ್ಶನ್‌ನಲ್ಲಿ (ಹಳೆಯ ಮಾಲೀಕರು ಬಿಡಿಸಿಕೊಳ್ಳಬಹುದಾದ ಗಡುವಿನಲ್ಲಿ) ಇರುವವು ಯಾವುವೂ ಡಿಎನ್‌ಎಸ್‌ನಲ್ಲಿ ಕಾಣುವುದಿಲ್ಲ. ಡಿಎನ್‌ಎಸ್ ಮಾತನ್ನೇ ನಂಬಿ ಖಾಲಿ ಪಟ್ಟಿ ಕೊಡುವ ಉಚಿತ ಸಾಧನಗಳು ಎಡವುವುದು ಇಲ್ಲೇ.

ಹಂತ 3: ಉಳಿದವನ್ನು ಆರ್‌ಡ್ಯಾಪ್‌ಗೆ ಕೇಳಿ

ಆರ್‌ಡ್ಯಾಪ್ ಎಂದರೆ ರಿಜಿಸ್ಟ್ರಿಯ ದಾಖಲೆಯನ್ನೇ ನೇರವಾಗಿ ಕೇಳುವ ವಿಧಾನ. ಒಂದು ಎಕ್ಸ್‌ಟೆನ್ಶನ್‌ನ ಎಲ್ಲ ಹೆಸರುಗಳ ದಾಖಲೆ ಇಡುವ ಸಂಸ್ಥೆಯೇ ರಿಜಿಸ್ಟ್ರಿ. ಇದೇ ಕೆಲಸಕ್ಕಿದ್ದ ಹಳೆಯ ವಿಧಾನವಾದ ಹೂಈಸ್‌ನಲ್ಲಿ ಒಂದೊಂದು ರಿಜಿಸ್ಟ್ರಿಯ ಉತ್ತರ ಒಂದೊಂದು ಬಗೆ. ಪಟ್ಟಿಯನ್ನು ತಾನಾಗಿ ಪರೀಕ್ಷಿಸುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಯುವವರಿಗೆ ಅದೊಂದು ತಲೆನೋವಾಗಿತ್ತು. ಡಾಟ್ ಕಾಮ್‌ನಂಥ ಸಾಮಾನ್ಯ ಎಕ್ಸ್‌ಟೆನ್ಶನ್‌ಗಳಿಗೆ ಹೂಈಸ್ ಕಡ್ಡಾಯವೆಂಬ, ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ 2025ರ ಜನವರಿ 28ಕ್ಕೆ ಕೊನೆಗೊಂಡಿತು. ಯಾವ ಎಕ್ಸ್‌ಟೆನ್ಶನ್‌ಗೆ ಯಾವ ಆರ್‌ಡ್ಯಾಪ್ ಸರ್ವರ್ ಎಂಬ ಪಟ್ಟಿಯನ್ನು ಇಂಟರ್ನೆಟ್ ವಿಳಾಸಗಳ ಲೆಕ್ಕ ಇಡುವ ಐಯಾನಾ ಪ್ರಕಟಿಸುತ್ತದೆ. ದೇಶಗಳ ಎಕ್ಸ್‌ಟೆನ್ಶನ್‌ಗಳಲ್ಲಿ ಕೆಲವು ಅದರಲ್ಲಿಲ್ಲ. ಅವುಗಳಿಗೆ ಹೂಈಸ್ ಅಥವಾ ರಿಜಿಸ್ಟ್ರಾರ್ (ಹೆಸರುಗಳನ್ನು ಮಾರುವ ಕಂಪನಿ) ಜಾಲತಾಣವೇ ಗತಿ.

ಉತ್ತರದ ಕೋಡ್ ನೋಡಿ. 200 ಬಂದರೆ ಹೆಸರು ನೋಂದಣಿಯಾಗಿದೆ. 404 ಬಂದರೆ ರಿಜಿಸ್ಟ್ರಿಯಲ್ಲಿ ಆ ಹೆಸರಿನ ದಾಖಲೆ ಇಲ್ಲ. 429 ಬಂದರೆ ನೀವು ಅತಿವೇಗವಾಗಿ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ ಎಂದರ್ಥ. ಎರಡು ಸೆಕೆಂಡಿಗೊಂದು ಪ್ರಶ್ನೆಯಂತೆ ಹೋದರೆ ಪೂರ್ತಿ 200 ಹೆಸರಿಗೂ ಏಳು ನಿಮಿಷ ಸಾಕು. ಅವಸರಪಟ್ಟರೆ ಸರ್ವರ್ ನಿಮ್ಮನ್ನು ತಾಸುಗಟ್ಟಲೆ ತಡೆಯಬಹುದು.

ಸ್ಕ್ರಿಪ್ಟ್‌ನಲ್ಲಿ '200 ಅಲ್ಲದ್ದೆಲ್ಲ ಖಾಲಿ' ಎಂದು ಬರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ವಿಂಡೋಸ್‌ನಲ್ಲಿ ಉಳಿಸಿದ ಫೈಲ್‌ನ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಇರುತ್ತದೆ. ಲಿನಕ್ಸ್ ಸ್ಕ್ರಿಪ್ಟ್ ಅದನ್ನೂ ಹೆಸರಿಗೆ ಅಂಟಿಸಿಕೊಂಡು ಕೇಳುತ್ತದೆ, ಪ್ರಶ್ನೆಯೇ ಕೆಟ್ಟು ಉತ್ತರ ಬರುವುದಿಲ್ಲ, ಪಟ್ಟಿಯ ಎಲ್ಲ ಹೆಸರೂ ಖಾಲಿ ಎಂದು ತೋರುತ್ತದೆ! ಮೊದಲ ಹಂತದಲ್ಲಿ ಸೇರಿಸಿದ ದೊಡ್ಡ ಜಾಲತಾಣದ ಹೆಸರು ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿ. 404 ಬಂದದ್ದನ್ನು ಮಾತ್ರ 'ಖಾಲಿ' ಕಾಲಮ್ಮಿಗೆ, 200 ಬಂದದ್ದನ್ನು 'ಹೋಗಿದೆ' ಕಾಲಮ್ಮಿಗೆ ಹಾಕಿ. ಉಳಿದದ್ದೆಲ್ಲ 'ಮತ್ತೆ ನೋಡು'.

200 ಬಂದ ಹೆಸರುಗಳಲ್ಲಿ ತೀರಾ ಬೇಕಾದದ್ದಿದ್ದರೆ ಅದರ ಸ್ಥಿತಿಯನ್ನೂ ಓದಿ. ಡಾಟ್ ಕಾಮ್‌ನಂಥವುಗಳಲ್ಲಿ ರಿಡೆಂಪ್ಶನ್ 30 ದಿನ. ಅಷ್ಟರಲ್ಲಿ ಹಳೆಯ ಮಾಲೀಕರು ಬಿಡಿಸಿಕೊಳ್ಳಬಹುದು. ಆಮೇಲಿನ 'ಪೆಂಡಿಂಗ್ ಡಿಲೀಟ್' 5 ದಿನ, ಅದು ಮುಗಿದ ಮೇಲೆ ಹೆಸರು ಮತ್ತೆ ಮಾರಾಟಕ್ಕೆ. ಒಳ್ಳೆಯ ಹೆಸರಾದರೆ ಅದಕ್ಕಾಗಿ ಕಾದು ಕುಳಿತವರು ನೀವೊಬ್ಬರೇ ಆಗಿರುವುದಿಲ್ಲ.

ಹಂತ 4: ರಿಜಿಸ್ಟ್ರಾರ್ ಬಳಿ ಖಚಿತಪಡಿಸಿಕೊಳ್ಳಿ

404 ಬಂದರೂ ಹೆಸರು ಸಿಗದೇ ಹೋಗಬಹುದು. ಕೆಲವನ್ನು ರಿಜಿಸ್ಟ್ರಿ ಕಾಯ್ದಿರಿಸಿಕೊಂಡಿರುತ್ತದೆ, ಕೆಲವಕ್ಕೆ 'ಪ್ರೀಮಿಯಂ' ಬೆಲೆ ಕಟ್ಟಿರುತ್ತದೆ. ಇದು ಗೊತ್ತಾಗುವುದು ರಿಜಿಸ್ಟ್ರಾರ್‌ನ 'ಬಲ್ಕ್ ಸರ್ಚ್' ಪುಟದಲ್ಲಿ. ಉಳಿದ ಹೆಸರುಗಳನ್ನು ಅಲ್ಲಿ ಅಂಟಿಸಿ. ಒಂದು ಸಲಕ್ಕೆ ಎಷ್ಟು ಎಂಬ ಮಿತಿ ಪುಟದಲ್ಲೇ ಇರುತ್ತದೆ. ಪ್ರೀಮಿಯಂ ಹೆಸರಾದರೆ ಮೊದಲ ವರ್ಷದ ಬೆಲೆ ನೋಡಿ ಮರುಳಾಗದೆ ನವೀಕರಣದ ಬೆಲೆ ವಿಚಾರಿಸಿ. ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಆಗಿದೆಯೇ ಎಂಬುದನ್ನು ಮಾತ್ರ ಈ ಯಾವ ಸಾಧನವೂ ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ನಿನ್ನೆಯ ಫಲಿತಾಂಶ ಇಟ್ಟುಕೊಂಡು ಇಂದು ಕಾರ್ಟ್ ತುಂಬಬೇಡಿ. ಹಣ ಕಟ್ಟುವ ಮುನ್ನ ಆಯ್ದ ಹೆಸರುಗಳಿಗೆ ಮೂರನೇ ಹಂತ ಇನ್ನೊಮ್ಮೆ ಓಡಿಸಿ. ಹಣ ಕಟ್ಟಿ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಆರ್‌ಡ್ಯಾಪ್‌ಗೆ ಕೇಳಿದಾಗ 200 ಬಂದು, ಇಂದಿನ ನೋಂದಣಿ ದಿನಾಂಕ ಮತ್ತು ನಿಮ್ಮ ರಿಜಿಸ್ಟ್ರಾರ್ ಹೆಸರು ಕಂಡರೆ ಹೆಸರು ನಿಮ್ಮದಾಗಿದೆ.