ಮಹಡಿ ಗೋಡೆಯ ಶಾಖ ತಡೆಯೋಕೆ ಹೋಗಿ ತೇವ ಕೂಡಿಹಾಕಬೇಡಿ

ಮೈಸೂರಿನ ಅಗ್ರಹಾರ, ಚಾಮರಾಜಪುರಂ ಕಡೆ ಹಳೇ ಮನೆ ಇರುವವರಿಗೆ ಒಂದು ಮಾತು. ಮಹಡಿ ಕೋಣೆಯ ಪಶ್ಚಿಮದ ಗೋಡೆ ರಾತ್ರಿಯಾದರೂ ಬಿಸಿಯಾಗೇ ಇರುತ್ತೆ ಅಂತ ಒಳಗಡೆ ಥರ್ಮಾಕೋಲ್ ಅಂಟಿಸಿ ಪ್ಲೈವುಡ್ ಹೊಡೆಸಬೇಡಿ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಮಳೆಗೆ ನೀರು ಹೀರುತ್ತೆ, ಬಿಸಿಲಿಗೆ ಆರುತ್ತೆ. ಒಳಮುಖ ಮುಚ್ಚಿದರೆ ಆ ತೇವ ಹಲಗೆಯ ಹಿಂದೆ ಕೂತು ಬೂಷ್ಟು ಹಿಡಿಯುತ್ತೆ, ವಾಸನೆ ಬರೋವರೆಗೂ ಗೊತ್ತಾಗಲ್ಲ. ಮೊದಲು ಹೆಂಚು, ಪೈಪು ಸೋರುತ್ತಿದ್ದರೆ ಸರಿಮಾಡಿಸಿ. ಬೇಸಿಗೆಯಲ್ಲಿ ಗೋಡೆ ಚೆನ್ನಾಗಿ ಒಣಗಿದ ಮೇಲೆ ಹೊರಗಡೆ ಸುಣ್ಣದ ಗಾರೆ ಮಾಡಿಸಿ, ಬಿಳಿ ಸುಣ್ಣ ಹೊಡೆಸಿ. ಸಿಮೆಂಟೇ ಗಟ್ಟಿ ಅಂತ ಮೇಸ್ತ್ರಿ ಹಟ ಹಿಡಿಯಬಹುದು (ಹಿಡಿದೇ ಹಿಡಿಯುತ್ತಾರೆ!), ಒಪ್ಪಬೇಡಿ, ಅದು ತೇವವನ್ನು ಆಚೆ ಬಿಡಲ್ಲ. ಜಾಗವಿದ್ದರೆ ಗೋಡೆಯಿಂದ ಸ್ವಲ್ಪ ದೂರಕ್ಕೆ ಬಿದಿರು ತಟ್ಟಿ ನಿಲ್ಲಿಸಿ. ಬಿಸಿಲು ಅಲ್ಲೇ ತಡೆಯುತ್ತೆ, ನಡುವೆ ಗಾಳಿಯೂ ಆಡುತ್ತೆ.